ಮೊದಲ ಆಲ್ಬಂ, ಎಂಟು ಹಾಡು, ಐದು ಭಾಷೆ: ಒಂದಾಗಿಯೇ ಬಿಡುವುದೋ, ಭಾಷೆಗೊಂದಾಗಿ ಒಡೆಯುವುದೋ?

ಏಳು ಮಾತ್ರೆ (ಚರ್ಚೆ ಆರಂಭಿಸಿದವರು) · ಶನಿವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ನಾನು ಹನುಮಂತನಗರದವನು, ಮೃದಂಗ ನುಡಿಸುತ್ತೇನೆ. ನಮ್ಮದು ಆರು ಜನರ ಬ್ಯಾಂಡ್. ಎರಡು ವರ್ಷ, ವಾರಕ್ಕೆ ಮೂರು ರಾತ್ರಿ, ಗೆಳೆಯನ ಮನೆಯ ಮಹಡಿ ಕೋಣೆಯಲ್ಲಿ ಕಿಟಕಿಗೆ ಹಳೆಯ ಹಾಸಿಗೆ ಒತ್ತಿಟ್ಟು ನುಡಿಸಿ ನುಡಿಸಿ ಮೊದಲ ಆಲ್ಬಂ ಮುಗಿಸಿದ್ದೇವೆ.

ಎಂಟು ತುಣುಕುಗಳಿವೆ. ಕನ್ನಡದ್ದು ಮೂರು (ಒಂದು ಷರೀಫರ ಪದ, ಒಂದು ಕೆ.ಆರ್. ಮಾರುಕಟ್ಟೆಯ ಮೇಲೆ ನಾವೇ ಬರೆದದ್ದು, ಒಂದು ಕಂಸಾಳೆಯ ಧಾಟಿಯದು), ತುಳು ಒಂದು, ದಖನಿ (ಉರ್ದುವಿನ ನಂಟಿರುವ ನಮ್ಮ ಕಡೆಯ ನುಡಿ) ಒಂದು, ತಮಿಳು ಒಂದು, ಇಂಗ್ಲಿಷ್ ಒಂದು, ಮಾತಿಲ್ಲದ ವಾದ್ಯ ಸಂಗೀತ ಒಂದು. ಸಂಗೀತವೂ ಹಾಗೆಯೇ ಬೆರೆತಿದೆ: ಏಳು ಮಾತ್ರೆಯ ಮಿಶ್ರಛಾಪು ತಾಳದ ಮೇಲೆ ರಾಕ್ ಗಿಟಾರ್, ತುಳುವಿನ ಕಥನ ಹಾಡಾದ ಪಾಡ್ದನದ ಕೆಳಗೆ ಬೇಸ್ ಗಿಟಾರ್, ಶುದ್ಧಧನ್ಯಾಸಿ ರಾಗದಿಂದ ಬ್ಲೂಸ್‌ಗೆ ಜಾರುವ ಪಿಟೀಲು.

ಆಲ್ಬಂ ಅನ್ನು ಆ್ಯಪ್‌ಗಳಿಗೆ ತಲುಪಿಸುವ ಸಂಸ್ಥೆಯವರು ಈಗ ಹೊಸ ಮಾತು ತೆಗೆದಿದ್ದಾರೆ. "ಇದನ್ನು ಭಾಷೆಗೊಂದರಂತೆ ಒಡೆದು ಕೊಡಿ. ಒಂದೇ ಆಲ್ಬಂ ಆದರೆ ಯಾವ ಭಾಷೆಯ ಪಟ್ಟಿಯಲ್ಲೂ ನೀವು ಕಾಣಿಸುವುದಿಲ್ಲ" ಎನ್ನುತ್ತಾರೆ. ಅವರ ಅರ್ಜಿಯಲ್ಲಿ ಭಾಷೆ ಆಯ್ದುಕೊಳ್ಳುವ ಜಾಗದಲ್ಲಿ ತುಳು ಇಲ್ಲ, ದಖನಿಯೂ ಇಲ್ಲ. ತುಳುವನ್ನು ಕನ್ನಡ ಎಂದೋ "ಇತರೆ" ಎಂದೋ ತುಂಬಬೇಕಂತೆ.

ನನಗೆ ಒಡೆಯಲು ಮನಸ್ಸಿಲ್ಲ. ಆದರೆ ಬ್ಯಾಂಡಿನ ಇಬ್ಬರು "ಕೇಳುವವರೇ ಸಿಗದಿದ್ದರೆ ಹಟ ಯಾಕೆ?" ಎಂದು ಕೇಳುತ್ತಿದ್ದಾರೆ. ನೀವು ಏನು ಹೇಳುತ್ತೀರಿ?

ಕೋಟೆ ಮೈದಾನ · 7:48

ಒಡೆಯಬೇಡಿ.

ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನು. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು 1939ರಲ್ಲಿ ಶುರುವಾದವು; ನಾನು ಅಪ್ಪನ ಕೈ ಹಿಡಿದು ಹೋಗತೊಡಗಿದ್ದು ಎಪ್ಪತ್ತರ ದಶಕದಲ್ಲಿ. ಒಂದು ಕಛೇರಿಯೆಂದರೆ ಮೂರು ಗಂಟೆ. ತೆಲುಗಿನ ತ್ಯಾಗರಾಜರು, ಸಂಸ್ಕೃತದ ದೀಕ್ಷಿತರು, ತಮಿಳಿನ ಪಾಪನಾಶಂ ಶಿವನ್, ಕೊನೆಗೆ ಪುರಂದರದಾಸರು. ನಾಲ್ಕು ಭಾಷೆ ಒಂದೇ ಚಪ್ಪರದ ಕೆಳಗೆ. ಭಾಷೆ ಬದಲಾಯಿತೆಂದು ಎದ್ದು ಹೋದವರನ್ನು ನಾನು ನೋಡಿಲ್ಲ. ಪಾನಕ ಖಾಲಿಯಾಯಿತೆಂದು ಎದ್ದವರನ್ನು ನೋಡಿದ್ದೇನೆ.

ಬೆಂಗಳೂರಿನ ಕಿವಿಗೆ ಇದು ಹೊಸದಲ್ಲ. ಹೊಸದಾಗಿ ಬಂದದ್ದು ಆ ಅರ್ಜಿಯ ಚೌಕ.

ನುಡಿಗಾವಲು · 8:05

ಕೋಟೆ ಮೈದಾನ ಅವರೇ, ನಿಮ್ಮ ಹಿರಿತನಕ್ಕೆ ಗೌರವವಿಟ್ಟೇ ವಿರೋಧಿಸುತ್ತೇನೆ. "ಕೊನೆಗೆ ಪುರಂದರದಾಸರು" ಎಂದು ನೀವೇ ಬರೆದಿದ್ದೀರಿ. ನನ್ನ ಸಂಕಟವಿರುವುದು ಆ "ಕೊನೆಗೆ" ಎಂಬಲ್ಲೇ. ಎರಡೂವರೆ ಗಂಟೆ ಬೇರೆ ಭಾಷೆ, ಜನ ಚಪ್ಪಲಿ ಹುಡುಕುವ ಹೊತ್ತಿಗೆ ಒಂದು ದೇವರನಾಮ. ಮೈಸೂರು ವಾಸುದೇವಾಚಾರ್ಯರಂಥ ನಮ್ಮ ನೆಲದ ವಾಗ್ಗೇಯಕಾರರೇ ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿ ಕೃತಿ ರಚಿಸಿದರು. ಹಲವು ಭಾಷೆ ಎಂದಾಗಲೆಲ್ಲ ಪಕ್ಕಕ್ಕೆ ಸರಿಯುವುದು ಕನ್ನಡವೇ.

ಎಂಟರಲ್ಲಿ ಮೂರೇ ಕನ್ನಡ. ಬೆಂಗಳೂರಿನ ಬ್ಯಾಂಡಿಗೆ ಇದು ಸಾಕೇ? ತುಳು, ದಖನಿ ನಮ್ಮ ನಾಡಿನವು, ಒಪ್ಪುತ್ತೇನೆ. ಇಂಗ್ಲಿಷ್ ಯಾಕೆ? ಹೊರಗಿನವರ ಚಪ್ಪಾಳೆಗಾಗಿ ಎಂದಲ್ಲದೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ.

ಮಲ್ಲಿಗೆ ದಂಡೆ · 8:11

ಹಾಡು ಕೇಳದೆ ಎಣಿಕೆಗೆ ಕುಳಿತುಕೊಂಡರೆ ಹೇಗೆ? ಏಳು ಮಾತ್ರೆಯವರೇ, ಒಂದಾದರೂ ಹಾಡಿನ ತುಣುಕು ಕೇಳಿಸಿ.

ಎರಡನೇ ಬೀರು · 9:20

ನಾನು ಹನ್ನೊಂದು ವರ್ಷ ಮೆಜೆಸ್ಟಿಕ್ ಸಮೀಪದ ಕ್ಯಾಸೆಟ್, ಸಿ.ಡಿ. ಅಂಗಡಿಯಲ್ಲಿ ಕೆಲಸ ಮಾಡಿದವನು. ನಿಮ್ಮ ಚೌಕದ ಸಮಸ್ಯೆ ನಮಗೆ ಬೀರುವಿನ ಸಮಸ್ಯೆಯಾಗಿತ್ತು. ಒಂದನೇ ಬೀರು ಹಿಂದಿ, ಎರಡನೆಯದು ಕನ್ನಡ, ಆಮೇಲೆ ತಮಿಳು, ತೆಲುಗು, ಮೂಲೆಯಲ್ಲಿ ಇಂಗ್ಲಿಷ್.

2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ತಟ್ಟೆಯಲ್ಲಿ. ಎಲ್ಲಿಡುವುದೆಂದು ಮಾಲೀಕರಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅವರು ಹಿಂದಿ ಬೀರುವಿನಲ್ಲಿ ಹತ್ತು ಇಟ್ಟರು. ನಾನು ಅವರು ಊಟಕ್ಕೆ ಹೋದಾಗ ನಾಲ್ಕನ್ನು ತೆಗೆದು ಕನ್ನಡದ ಬೀರುವಿನಲ್ಲಿ, ಭಾವಗೀತೆಗಳ ಪಕ್ಕದಲ್ಲಿ ಇಟ್ಟೆ. ಷರೀಫರ ಪದ ಇರುವ ಆಲ್ಬಂ ಅಲ್ಲವೇ, ಅಶ್ವತ್ಥರ ಕ್ಯಾಸೆಟ್ ಹುಡುಕಿ ಬಂದವರ ಕಣ್ಣಿಗೆ ಬೀಳಲಿ ಎಂದು. ಆ ನಾಲ್ಕೂ ಅದೇ ವಾರ ಹೋದವು. ಕೊಂಡವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಮರುವಾರ ಬಂದು "ಹಿಂದಿಯವೂ ಚೆನ್ನಾಗಿವೆ ಕಣಯ್ಯ" ಎಂದು ಹೇಳಿ ಹೋದರು.

ಹಾಗಾಗಿ ನನ್ನ ಮಾತು ಇಷ್ಟು: ಆಲ್ಬಂ ಒಡೆಯಬೇಡಿ, ಆದರೆ ಎರಡು ಬೀರುವಿನಲ್ಲಿಡುವ ದಾರಿ ಹುಡುಕಿ.

ತೊಗಲು ಮತ್ತು ತಂತಿ · 9:41

ಎರಡನೇ ಬೀರು ಅವರೇ, ಸೊಗಸಾಗಿ ಹೇಳಿದಿರಿ. ಅದರ ಮರುವರ್ಷ, 2009ರಲ್ಲಿ, ಸ್ವರಾತ್ಮದ ಮೊದಲ ಆಲ್ಬಂ ಬಂತು, ಅದರಲ್ಲೂ ಹಿಂದಿ, ಕನ್ನಡ ಎರಡೂ ಇದ್ದವು. 2012ರಲ್ಲಿ ಅಗಂ ಬ್ಯಾಂಡಿನ ಮೊದಲ ಆಲ್ಬಂ ಕರ್ನಾಟಕ ಸಂಗೀತವನ್ನೂ ರಾಕ್ ಅನ್ನೂ ಒಂದೇ ಮೈಯಾಗಿಸಿತು.

ಆದರೆ ಬೆಂಗಳೂರಿನ ಬೆರಕೆ ಸಂಗೀತ 2008ರಲ್ಲಿ ಹುಟ್ಟಿತೆಂದು ಯಾರೂ ತಿಳಿಯಬಾರದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ವಿದುಷಿ ಆರ್.ಎ. ರಮಾಮಣಿ ಅವರ ಗಾಯನ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಈ ಮೂರೂ ಸೇರಿದ "ಜ್ಯೋತಿ" ಎಂಬ ಆಲ್ಬಂ 1983ರಲ್ಲಿ ಮುದ್ರಣವಾಗಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಯಿಂದ ಹೊರಬಂತು. ಏಳು ಮಾತ್ರೆಯವರು ಮೃದಂಗದವರಾದ್ದರಿಂದ ಇದನ್ನು ಕೇಳಿರಲೇಬೇಕು. ಅಲ್ಲಿ ಯಾವ ವಾದ್ಯವೂ ಇನ್ನೊಂದಕ್ಕೆ ಅಲಂಕಾರವಾಗಿ ಕುಳಿತಿಲ್ಲ. ಬೆರಕೆ ಎಂದರೆ ನನಗೆ ಅದು.

ನಾನು ಧ್ವನಿಮುದ್ರಣದ ಕೆಲಸದಲ್ಲಿದ್ದೇನೆ. ಹಾಗಾಗಿ ನನ್ನ ಪ್ರಶ್ನೆ ಭಾಷೆಯದಲ್ಲ. ಪಾಡ್ದನ ತಾಳಕ್ಕೆ ಸಿಕ್ಕುವುದಿಲ್ಲ, ಶ್ರುತಿ ಪೆಟ್ಟಿಗೆಗೂ ಸಿಕ್ಕುವುದಿಲ್ಲ. ಅದರ ಕೆಳಗೆ ಬೇಸ್ ಹೇಗೆ ಕೂರಿಸಿದಿರಿ?

ಏಳು ಮಾತ್ರೆ · 10:30

ತೊಗಲು ಮತ್ತು ತಂತಿ ಅವರೇ, "ಜ್ಯೋತಿ"ಯನ್ನು ನನ್ನ ಗುರುಗಳು ಪಾಠದ ಭಾಗವಾಗಿಯೇ ಕೇಳಿಸಿದ್ದರು.

ನಮ್ಮ ಗಿಟಾರ್ ಹುಡುಗ ಬೆಳ್ತಂಗಡಿ ಕಡೆಯವನು. ನೇಜಿ (ಭತ್ತದ ಸಸಿ) ನೆಡುವಾಗ ಅವನ ಅಜ್ಜಿ ಹೇಳುತ್ತಿದ್ದ ಪಾಡ್ದನವನ್ನು ಅವರ ಅಂಗಳದಲ್ಲೇ ಮುದ್ರಿಸಿಕೊಂಡೆವು. ಅಜ್ಜಿ ಶುರು ಮಾಡುವ ಶ್ರುತಿ ಒಂದು, ಮುಗಿಸುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಮೇಲೇರಿರುತ್ತಾರೆ. ಕಂಪ್ಯೂಟರಿನಲ್ಲಿ ಅದನ್ನು "ಸರಿ" ಮಾಡಲು ಒಂದು ನಿಮಿಷ ಸಾಕು. ಮಾಡಿಯೂ ನೋಡಿದೆವು. ಅಜ್ಜಿಯ ದನಿಯಲ್ಲಿ ಅಜ್ಜಿಯೇ ಇರಲಿಲ್ಲ. ಮೆಟ್ಟಿಲುಗಳಿಲ್ಲದ (ಫ್ರೆಟ್‌ಲೆಸ್) ಬೇಸ್ ಗಿಟಾರ್ ಬಾಡಿಗೆಗೆ ತಂದು, ಅವರು ಏರಿದಂತೆ ಏರಿ ಅವರ ಹಿಂದೆಯೇ ನಡೆದೆವು.

ಮಾರುಕಟ್ಟೆಯ ಹಾಡಿಗೆ ಮಾಗಡಿ ಕಡೆಯ ತಮಟೆಯವರನ್ನು ಕರೆಸಿದ್ದೆವು. ಜುಲೈ ತಿಂಗಳು, ಬೆಳಿಗ್ಗೆಯಿಂದ ಜಡಿಮಳೆ. ತೊಗಲು ಒದ್ದೆ ರೊಟ್ಟಿಯ ಹಾಗೆ ಸಡಿಲ. "ಬೆಂಕಿ ಬೇಕು ಸ್ವಾಮಿ" ಎಂದರು. ಸ್ಟುಡಿಯೋದೊಳಗೆ ಬೆಂಕಿ ಹೊತ್ತಿಸುವಂತಿಲ್ಲ. ಎರಡು ಮಹಡಿ ಮೇಲೆ, ತಾರಸಿಯ ನೀರಿನ ತೊಟ್ಟಿಯ ಕೆಳಗಿನ ಒಣ ಜಾಗದಲ್ಲಿ ತೆಂಗಿನ ಗರಿ ಹೊತ್ತಿಸಿ ತಮಟೆ ಕಾಯಿಸಿದರು. ಬೆರಳ ತುದಿಯಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿ, "ಈಗ ಮಾತಾಡುತ್ತೆ" ಎಂದವರೇ ಮೆಟ್ಟಿಲಿಳಿದು ಓಡಿದರು. ಬಿಗುವು ನಿಲ್ಲುತ್ತಿದ್ದುದು ಹತ್ತು ನಿಮಿಷ. ಮತ್ತೆ ಮೇಲಕ್ಕೆ. ಆ ದಿನ ಹದಿಮೂರು ಸಲ ಹತ್ತಿ ಇಳಿದರು. ಹೆಡ್‌ಫೋನ್ ಬೇಡವೆಂದರು. ನಾವೂ ಕಿವಿಯೊಳಗಿನ ಟಿಕ್ ಟಿಕ್ ಸದ್ದು ನಿಲ್ಲಿಸಿ ಅವರ ಕಾಲಪ್ರಮಾಣಕ್ಕೇ ಗಿಟಾರ್ ನುಡಿಸಿದೆವು.

ಮಲ್ಲಿಗೆ ದಂಡೆ · 10:34

ಇಷ್ಟು ಓದಿದ ಮೇಲೆ ಹಾಡು ಕೇಳದೆ ಇರಲಾಗುತ್ತಿಲ್ಲ.

ಪಡುಗಾಳಿ · 11:15

ಅಜ್ಜಿಯ ದನಿಯನ್ನು ತಿದ್ದದೆ ಬಿಟ್ಟದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ನಾನು ಮೂಡುಬಿದಿರೆಯವಳು, ಈಗ ವಿಜಯನಗರದಲ್ಲಿದ್ದೇನೆ.

ದಯವಿಟ್ಟು ಆ ಹಾಡನ್ನು "ಕನ್ನಡ" ಎಂದು ತುಂಬಬೇಡಿ. ಕನ್ನಡದ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ, ನಾನು ಬರೆಯುವುದೂ ಓದುವುದೂ ಕನ್ನಡವನ್ನೇ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ತಾಯ್ನುಡಿ ಎಂದು ಬರೆಸಿದ್ದಾರೆ. ಇಷ್ಟಾದರೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗವಿಲ್ಲ, ಈಗ ಹಾಡಿನ ಅರ್ಜಿಯಲ್ಲೂ ಇಲ್ಲ. ಭಾಷೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತುಳುವಿಗೆ ಟಿ.ಸಿ.ವೈ. ಎಂಬ ಮೂರಕ್ಷರದ ಸಂಕೇತವಿದೆ. ಆ ಸಂಸ್ಥೆಗೆ ಪತ್ರ ಬರೆದು ಅದನ್ನು ಸೇರಿಸಲು ಕೇಳಿ. ಒಬ್ಬರೂ ಕೇಳದಿದ್ದರೆ ಅವರು ಯಾಕೆ ಸೇರಿಸುತ್ತಾರೆ?

ಇನ್ನೊಂದು ಮಾತು. ಆ ಹಾಡಿನ ಮುಂದೆ "ಸಾಂಪ್ರದಾಯಿಕ" ಎಂದಷ್ಟೇ ಹಾಕಿ ಕೈ ತೊಳೆದುಕೊಳ್ಳಬೇಡಿ. ಅಜ್ಜಿಗೆ ಹೆಸರಿಲ್ಲವೇ?

ನುಡಿಗಾವಲು · 11:32

ಪಡುಗಾಳಿ ಅವರ ಮಾತಿಗೆ ನನ್ನ ಪೂರ್ತಿ ಬೆಂಬಲ. ತುಳುವನ್ನು ಕನ್ನಡವೆಂದು ತುಂಬಿದರೆ ಎರಡು ಭಾಷೆಗೂ ಅನ್ಯಾಯ. ಆದರೆ ಇಂಗ್ಲಿಷ್ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಬಂಬೂ ಬಜಾರ್ · 11:50

ದಖನಿ ಹಾಡು ಇದೆಯೆಂದು ಓದಿ ಖುಷಿಯಾಯಿತು. ನನ್ನದೊಂದು ವಿನಂತಿ, ಅರ್ಜಿಯಲ್ಲಿ ಉರ್ದು ಎಂದು ಹಾಕಿದರೂ ವಿವರಣೆಯಲ್ಲಿ ದಖನಿ ಎಂದೇ ಬರೆಯಿರಿ. ಉತ್ತರದವರು ನಮ್ಮ ಮನೆಮಾತನ್ನು ಕೆಟ್ಟ ಉರ್ದು ಎಂದು ನಗುವುದನ್ನು ಶಾಲೆಯಿಂದಲೂ ಕೇಳಿದ್ದೇನೆ. ಬಿಜಾಪುರದ ದೊರೆ ಎರಡನೇ ಇಬ್ರಾಹಿಂ ಆದಿಲ್ ಶಾ "ಕಿತಾಬ್-ಎ-ನೌರಸ್" ಬರೆದದ್ದು ದಖನಿಯಲ್ಲಿ. ರಾಗಗಳಿಗೆ ಹೊಂದಿಸಿದ ಪದಗಳು ಅವು, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸುವವು. ನಾಲ್ಕು ನೂರು ವರ್ಷದ ಹಿಂದೆಯೇ ಹಾಡಾಗಿದ್ದ ಭಾಷೆ ಇದು.

ಕೋಟೆ ಮೈದಾನ · 12:04

ಅವನನ್ನು ಜಗದ್ಗುರು ಬಾದಶಹ ಎಂದು ಕರೆಯುತ್ತಿದ್ದರು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ ದೊರೆ.

ತೊಗಲು ಮತ್ತು ತಂತಿ · 12:09

ತಂಬೂರಿಗೆ ಹೆಸರಿಡುವುದು! ನನ್ನ ಗುರುಗಳ ಮನೆಯಲ್ಲಿ ಒಂದು ಹಳೆಯ ತಂಬೂರಿಗೆ ಅಕ್ಕಮ್ಮ ಎನ್ನುತ್ತಿದ್ದರು. ಅದರ ಬುರುಡೆ ಬಿರುಕು ಬಿಟ್ಟಾಗ ಮನೆಯಲ್ಲಿ ಅಡುಗೆ ಮಾಡಿರಲಿಲ್ಲ.

ಏಳು ಮಾತ್ರೆ · ಮಧ್ಯಾಹ್ನ 1:20

ನುಡಿಗಾವಲು ಅವರೇ, ತಡವಾಯಿತು, ಕ್ಷಮಿಸಿ. ಇಂಗ್ಲಿಷ್ ಹಾಡು ಬರೆದು ಹಾಡಿದವಳು ನಮ್ಮ ಕೀಬೋರ್ಡ್ ವಾದಕಿ. ಅವಳು ಆಂಗ್ಲೋ ಇಂಡಿಯನ್ ಮನೆತನದವಳು, ಅವಳ ತಾಯ್ನುಡಿ ಇಂಗ್ಲಿಷ್. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ವಸಾಹತಿಗೆಂದು ಜಮೀನು ಕೊಟ್ಟು ವೈಟ್‌ಫೀಲ್ಡ್ ಹುಟ್ಟಿತಲ್ಲ, ಅವಳ ಮುತ್ತಜ್ಜನ ಮನೆ ಅಲ್ಲಿತ್ತು. ಮಾವಿನ ಮರವಿದ್ದ ಹಿತ್ತಿಲು. ಈಗ ಅಲ್ಲಿ ಹದಿನಾಲ್ಕು ಮಹಡಿಯ ಕಟ್ಟಡವಿದೆ. ಹಾಡು ಆ ಮರದ ಮೇಲೆ. ಅವಳು ಅದನ್ನು ಬೇರೆ ಯಾವ ಭಾಷೆಯಲ್ಲಿ ಬರೆಯಬೇಕಿತ್ತು?

ತಮಿಳು ಹಾಡಿನದೂ ಅದೇ ಕಥೆ. ನಮ್ಮ ಗಾಯಕಿ ಹಲಸೂರಿನವಳು, ಐದು ತಲೆಮಾರಿನಿಂದ ಅಲ್ಲೇ ಇದ್ದಾರೆ. ಕನ್ನಡದ ಮೂರೂ ಹಾಡು ಹಾಡಿದವಳು ಅವಳೇ.

ನುಡಿಗಾವಲು · 1:41

ಇದನ್ನು ಮೊದಲೇ ಬರೆದಿದ್ದರೆ ನಾನು ಅಷ್ಟು ಖಾರವಾಗಿ ಕೇಳುತ್ತಿರಲಿಲ್ಲ. ಆ ಇಂಗ್ಲಿಷ್ ಹಾಡಿನ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆ ಹೆಣ್ಣುಮಗಳಿಗೆ ತಿಳಿಸಿ.

ಮೂರು ಸಾಕೇ ಎಂಬ ಪ್ರಶ್ನೆ ಮಾತ್ರ ಬಿಡುವುದಿಲ್ಲ. ಮತ್ತು ಆಲ್ಬಂ ಹೆಸರು, ಹಾಡಿನ ಹೆಸರುಗಳು ಕನ್ನಡ ಲಿಪಿಯಲ್ಲಿ ಇರಬೇಕು. ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ "ಮಳೆ" ಎಂದು ಹುಡುಕುವವನಿಗೆ ಹತ್ತು ಬಗೆಯ ಕಾಗುಣಿತ. ಅವನು ಹುಡುಕಿ ಸೋತು ಬಿಟ್ಟುಬಿಡುತ್ತಾನೆ.

ಪಡುಗಾಳಿ · 1:55

ತುಳು ಹಾಡಿನ ಹೆಸರೂ ಕನ್ನಡ ಲಿಪಿಯಲ್ಲೇ ಇರಲಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ (ಕಂಪ್ಯೂಟರಿನ ಅಕ್ಷರಗಳ ಪಟ್ಟಿ) ಸೇರಿದೆ, ಅದು ಹೆಮ್ಮೆಯ ವಿಷಯ. ಆದರೆ ನನ್ನ ಫೋನಿನಲ್ಲಿ ಇನ್ನೂ ಬರೀ ಚೌಕಗಳು ಕಾಣುತ್ತವೆ.

ಕಲಂ · 3:10

ನಾನು ವಕೀಲೆ, ಕೃತಿಸ್ವಾಮ್ಯದ ವ್ಯಾಜ್ಯಗಳನ್ನು ನೋಡುತ್ತೇನೆ. ಭಾಷೆಯ ಚರ್ಚೆಯ ನಡುವೆ ಯಾರೂ ಕೇಳದ ಒಂದು ಪ್ರಶ್ನೆ: ಷರೀಫರ ಪದಕ್ಕೆ ಯಾವ ಧಾಟಿ ಬಳಸಿದ್ದೀರಿ?

ಏಳು ಮಾತ್ರೆ · 3:22

ಎಲ್ಲರೂ ಹಾಡುವ ಧಾಟಿಯೇ, ಮೇಡಂ. ಚಿಕ್ಕಂದಿನಿಂದ ಕೇಳಿದ್ದು. ಗಿಟಾರಿಗೆ ತಕ್ಕಂತೆ ನಡೆ ಬದಲಿಸಿದ್ದೇವೆ. ಷರೀಫರು ಹತ್ತೊಂಬತ್ತನೇ ಶತಮಾನದವರು, ಹಾಗಾಗಿ ತೊಂದರೆ ಇಲ್ಲವೆಂದುಕೊಂಡಿದ್ದೆವು.

ಕಲಂ · 3:58

ಅಲ್ಲೇ ತೊಡಕಿರುವುದು. ಹಾಡಿನಲ್ಲಿ ಸಾಹಿತ್ಯ ಒಂದು ಕೃತಿ, ಧಾಟಿ ಇನ್ನೊಂದು ಕೃತಿ, ಧ್ವನಿಮುದ್ರಿಕೆ ಮೂರನೆಯದು. ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಸಾಹಿತ್ಯ ಎಲ್ಲರ ಸ್ವತ್ತು. ಆದರೆ ನೀವು "ಎಲ್ಲರೂ ಹಾಡುವ ಧಾಟಿ" ಎನ್ನುವುದು ಸಿ. ಅಶ್ವತ್ಥ್ ಅವರು ಸಂಯೋಜಿಸಿದ್ದಾಗಿದ್ದರೆ ಅದು ಸಾಂಪ್ರದಾಯಿಕವಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಧಿ ಕರ್ತೃವಿನ ಜೀವಿತಾವಧಿ, ಅದರ ಮೇಲೆ 60 ವರ್ಷ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿ, 2069ರ ಕೊನೆಯವರೆಗೆ ಹಕ್ಕು ಇದೆ.

2012ರ ತಿದ್ದುಪಡಿಯಲ್ಲಿ 31ಸಿ ಕಲಂ ಬಂದಿದೆ. ಮೂಲ ಮುದ್ರಿಕೆಯಾಗಿ ಐದು ವರ್ಷ ಕಳೆದಿದ್ದರೆ, ಮೊದಲೇ ನೋಟಿಸ್ ಕೊಟ್ಟು, ಗೌರವಧನ ಮುಂಗಡ ಕಟ್ಟಿ, ಅದೇ ಹಾಡನ್ನು ಮರುಮುದ್ರಿಸಬಹುದು. ಆದರೆ ಕನಿಷ್ಠ ವರ್ಷಕ್ಕೆ 50,000 ಪ್ರತಿಗಳ ಲೆಕ್ಕದಲ್ಲಿ ಕಟ್ಟಬೇಕು. ಒಪ್ಪಿಗೆಯಿಲ್ಲದೆ ಕೃತಿಯನ್ನು ಮಾರ್ಪಡಿಸುವಂತೆಯೂ ಇಲ್ಲ. ನೀವು ನಡೆ ಬದಲಿಸಿದ್ದೀರಿ. ಹಕ್ಕು ಯಾರ ಬಳಿ ಇದೆಯೆಂದು ಹುಡುಕಿ ನೇರವಾಗಿ ಬರೆದು ಒಪ್ಪಿಗೆ ಕೇಳುವುದೇ ಮರ್ಯಾದೆಯ ದಾರಿ.

ಮಲ್ಲಿಗೆ ದಂಡೆ · 4:06

ಆದರೆ ಮೇಡಂ, ಊರೂರಿನ ಭಜನೆಯವರೆಲ್ಲ ಹಾಡುತ್ತಾರಲ್ಲ?

ಕಲಂ · 4:15

ಹಾಡಲಿ, ಹಾಡಬೇಕು. ಷರೀಫರ ಪದಕ್ಕೆ ಧಾರವಾಡ, ಹಾವೇರಿ ಕಡೆಯ ಭಜನಾ ಮೇಳಗಳಲ್ಲಿ ಬೇರೆ ಹಳೆಯ ಧಾಟಿಗಳೂ ಇವೆ. ನಾನು ಹೇಳುತ್ತಿರುವುದು ಮುದ್ರಿಸಿ ಮಾರುವಾಗ ಒಬ್ಬ ಸಂಯೋಜಕರ ದುಡಿಮೆಯನ್ನು "ಸಾಂಪ್ರದಾಯಿಕ" ಎಂದು ಬರೆಯುವುದರ ಬಗ್ಗೆ. ಪಡುಗಾಳಿಯವರು ಅಜ್ಜಿಯ ಹೆಸರು ಕೇಳಿದ್ದಕ್ಕೂ ಇದಕ್ಕೂ ನಡುವೆ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಏಳುಮಲೆ · ಸಂಜೆ 6:30

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ನಾನು ಹನೂರು ತಾಲ್ಲೂಕಿನವನು, ಇಲ್ಲಿ ಸಾರಿಗೆ ಇಲಾಖೆಯಲ್ಲಿ ನೌಕರಿ.

ತಮಟೆಯವರನ್ನು ಮಾಗಡಿಯಿಂದ ಕರೆಸಿದಿರಿ, ಪಾಡ್ದನಕ್ಕೆ ಅಜ್ಜಿಯ ಅಂಗಳಕ್ಕೆ ಹೋದಿರಿ. ಕಂಸಾಳೆಗೆ ಯಾರನ್ನು ಕರೆಸಿದಿರಿ? ಅದೊಂದನ್ನು ನೀವು ಬರೆದಿಲ್ಲ.

ಏಳು ಮಾತ್ರೆ · 7:45

ಅಣ್ಣ, ನಿಜ ಹೇಳುತ್ತೇನೆ. ಯಾರನ್ನೂ ಕರೆಸಿಲ್ಲ. ಮಹದೇಶ್ವರ ಬೆಟ್ಟಕ್ಕೆ ಹೋದಾಗ ಫೋನಿನಲ್ಲಿ ಮುದ್ರಿಸಿಕೊಂಡ ಸದ್ದನ್ನು ತುಂಡು ಮಾಡಿ, ಕಂಪ್ಯೂಟರಿನಲ್ಲಿ ಸುತ್ತು ಹಾಕಿಸಿ ಬಳಸಿದ್ದೇವೆ. ಬಾರಿಸುತ್ತಿದ್ದವರ ಹೆಸರು ಕೇಳಿರಲಿಲ್ಲ.

ಏಳುಮಲೆ · 8:20

ಹಾಗಿರಬಹುದೆಂದು ಅನುಮಾನವಿತ್ತು.

ತಮ್ಮಾ, ಕಂಸಾಳೆ ಅಂಗಡಿಯಲ್ಲಿ ಕೊಂಡು ಬಾರಿಸುವ ವಾದ್ಯವಲ್ಲ. ನಮ್ಮ ಚಿಕ್ಕಪ್ಪ ದೇವರಗುಡ್ಡರು, ಮಹದೇಶ್ವರನ ಕಥೆ ಹಾಡುವ ಭಕ್ತರು. ಗುರುವಿನ ಕೈಯಿಂದ ದೀಕ್ಷೆ ಪಡೆದ ಮೇಲೆಯೇ ಅವರ ಕೈಗೆ ಕಂಸಾಳೆ ಬಂದದ್ದು. ಎಡ ಅಂಗೈಯಲ್ಲಿ ಬಟ್ಟಲಿನಂಥದ್ದು, ಬಲಗೈಯಲ್ಲಿ ದಾರಕ್ಕೆ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮನೆಮನೆಗೆ ಹೋಗಿ ಮಾದಪ್ಪನ (ಮಹದೇಶ್ವರನ) ಕಥೆ ಹಾಡಿ ಕೋರಣ್ಯ, ಅಂದರೆ ಭಿಕ್ಷೆ, ಮಾಡುತ್ತಾರೆ. ಆ ಸದ್ದು ಕಥೆಯ ಜೊತೆಗೇ ಏರುತ್ತದೆ, ಕಥೆಯ ಜೊತೆಗೇ ನಿಲ್ಲುತ್ತದೆ. ಅದನ್ನು ತುಂಡು ಮಾಡಿ ಸುತ್ತಿಗೆ ಹಾಕಿದರೆ ಅದು ಹಿತ್ತಾಳೆಯ ಸದ್ದು ಅಷ್ಟೇ.

ನುಡಿಗಾವಲು ಅವರೇ, ನಿಮಗೂ ಒಂದು ಮಾತು. ಬೆಳಿಗ್ಗೆಯಿಂದ ಇಂಗ್ಲಿಷ್ ಯಾರದು, ತಮಿಳು ಯಾರದು ಎಂದು ಕೇಳಿದಿರಿ. ಎರಡಕ್ಕೂ ಮನೆಯಿತ್ತು. ಈ ಆಲ್ಬಂನಲ್ಲಿ ಮನೆ ಕೇಳದೆ ಎತ್ತಿಕೊಂಡು ಬಂದದ್ದು ಕನ್ನಡದ ಲೆಕ್ಕದೊಳಗೇ ಇದೆ.

ನುಡಿಗಾವಲು · 8:52

ನಿಮ್ಮ ಮಾತು ನನಗೆ ನಾಟಿತು. ನಾನು ಮೂರು ಎಂದು ಎಣಿಸಿದೆ, ಆ ಮೂರು ಹೇಗೆ ಬಂದವೆಂದು ಕೇಳಲಿಲ್ಲ. ಆದರೂ ಎಣಿಕೆಯೇ ಬೇಡವೆಂದು ಒಪ್ಪಲಾರೆ. ಎಣಿಸದೆ ಬಿಟ್ಟ ಕಡೆಯೆಲ್ಲ ಕನ್ನಡ ಕಳೆದಿದೆ.

ಏಳುಮಲೆ · 9:01

ಎಣಿಸಿ ಸ್ವಾಮಿ, ಬೇಡವೆಂದವರು ಯಾರು? ಎಣಿಸುವಾಗ ನಮ್ಮನ್ನೂ ಎಣಿಸಿ.

ತೊಗಲು ಮತ್ತು ತಂತಿ · ಭಾನುವಾರ, ಬೆಳಿಗ್ಗೆ 8:15

ರಾತ್ರಿಯೆಲ್ಲ ಈ ಚರ್ಚೆ ತಲೆಯಲ್ಲಿತ್ತು. ಮೂಲ ಪ್ರಶ್ನೆಗೆ ಕೆಲಸದ ಉತ್ತರ ಕೊಡುತ್ತೇನೆ.

ಪ್ರತಿ ಮುದ್ರಿಕೆಗೂ ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಹಾಡನ್ನು ಒಂಟಿಯಾಗಿ ಬಿಟ್ಟು ಆಮೇಲೆ ಆಲ್ಬಂಗೆ ಸೇರಿಸಿದರೂ ಆ ಗುರುತು ಅದೇ ಇರಬೇಕು, ಆಗ ಎರಡೂ ಒಂದೇ ಮುದ್ರಿಕೆಯೆಂದು ಆ್ಯಪ್‌ಗಳಿಗೆ ತಿಳಿಯುತ್ತದೆ. ಹಾಗಾಗಿ ಮೊದಲು ತುಳು ಹಾಡನ್ನು ಒಂಟಿಯಾಗಿ ಬಿಡಿ, ತುಳುವರು ಕೇಳಲಿ. ಮೂರು ವಾರ ಬಿಟ್ಟು ದಖನಿ, ಮತ್ತೆ ಮೂರು ವಾರಕ್ಕೆ ಮಾರುಕಟ್ಟೆಯ ಹಾಡು. ಕೊನೆಗೆ ಎಲ್ಲವೂ ಒಂದೇ ಆಲ್ಬಂ. ಅನೇಕ ಸಂಸ್ಥೆಗಳ ಅರ್ಜಿಯಲ್ಲಿ ಆಲ್ಬಂಗೊಂದು ಭಾಷೆ, ಪ್ರತಿ ಹಾಡಿಗೂ ಪ್ರತ್ಯೇಕ ಭಾಷೆ ತುಂಬುವ ಜಾಗವಿರುತ್ತದೆ. ನಿಮ್ಮವರದರಲ್ಲಿ ಎರಡನೇ ಪುಟ ನೋಡಿ. ಸ್ಪಾಟಿಫೈಯಲ್ಲಿ ಸಂಪಾದಕರ ಪಟ್ಟಿಗೆ ಒಂದು ಸಲಕ್ಕೆ ಒಂದೇ ಹಾಡನ್ನು ಸೂಚಿಸಲು ಬಿಡುತ್ತಾರೆ, ಬಿಡುಗಡೆಗೆ ಏಳು ದಿನವಾದರೂ ಮೊದಲು. ಒಂಟಿ ಹಾಡುಗಳಾದರೆ ಪ್ರತಿ ಭಾಷೆಗೂ ಒಂದೊಂದು ಅವಕಾಶ.

ಎರಡನೇ ಬೀರು ಅವರು ಹೇಳಿದ್ದು ಇದನ್ನೇ, ನಾನು ಅಂಕಿ ಸೇರಿಸಿದೆ.

ಎರಡನೇ ಬೀರು · 8:40

ಮಾಲೀಕರು ಊಟಕ್ಕೆ ಹೋಗುವವರೆಗೆ ಈಗ ಕಾಯಬೇಕಿಲ್ಲ ಎಂದಾಯಿತು. ಸಂತೋಷ.

ಮಲ್ಲಿಗೆ ದಂಡೆ · 8:44

ಬಿಡುಗಡೆಯ ಕಾರ್ಯಕ್ರಮ ಎಲ್ಲಿ? ಸಂಸ ಬಯಲು ರಂಗಮಂದಿರದಲ್ಲಿ ಇಡಿ. ಕಲಾಕ್ಷೇತ್ರದ ಹಿಂದೆ, ಕಲ್ಲು ಮೆಟ್ಟಿಲ ಮೇಲೆ ಕುಳಿತು ಕೇಳುವ ಸುಖ ಒಳಾಂಗಣದಲ್ಲಿ ಇಲ್ಲ.

ಕೋಟೆ ಮೈದಾನ · 9:02

ಮಳೆಗಾಲ ಕಳೆದ ಮೇಲೆ ಇಡಿ. ನನ್ನಂಥವರ ಮಂಡಿಗೆ ಆ ಮೆಟ್ಟಿಲು ಕಷ್ಟ, ಆದರೂ ಬರುತ್ತೇನೆ.

ಏಳು ಮಾತ್ರೆ · ಮೂರು ವಾರಗಳ ನಂತರ, ರಾತ್ರಿ 10:15

ಎಲ್ಲರಿಗೂ ತಿಳಿಸಬೇಕಾದದ್ದಿದೆ.

ಆಲ್ಬಂ ಒಡೆಯುವುದಿಲ್ಲ. ಆರೂ ಜನ ಕುಳಿತು ಮಾತಾಡಿ ಒಪ್ಪಿದ್ದೇವೆ. ತುಳು ಹಾಡು ಮೊದಲು ಒಂಟಿಯಾಗಿ ಬರುತ್ತದೆ. ಸಂಸ್ಥೆಗೆ ತುಳುವಿನ ಸಂಕೇತ ಕಳುಹಿಸಿ ಮೂರು ಪತ್ರ ಬರೆದೆವು, "ಪರಿಶೀಲಿಸುತ್ತೇವೆ" ಎಂದಿದ್ದಾರೆ. ಅಲ್ಲಿಯವರೆಗೆ "ಇತರೆ" ಎಂದೇ ಇರುತ್ತದೆ, ಕನ್ನಡ ಎಂದು ತುಂಬುವುದಿಲ್ಲ. ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿವೆ. ದಖನಿ ಹಾಡಿನ ವಿವರಣೆಯಲ್ಲಿ ದಖನಿ ಎಂದೇ ಬರೆದಿದ್ದೇವೆ.

ಷರೀಫರ ಪದವನ್ನು ಸದ್ಯ ಪಕ್ಕಕ್ಕಿಟ್ಟಿದ್ದೇವೆ. ಒಪ್ಪಿಗೆ ಕೇಳಿ ಪತ್ರ ಹೋಗಿದೆ. ಬಂದರೆ ಸೇರಿಸುತ್ತೇವೆ. ಬರದಿದ್ದರೆ ಹಳೆಯ ಭಜನೆಯ ಧಾಟಿ ಕಲಿಯಲು ಗಾಯಕಿ ಹಾವೇರಿಗೆ ಹೋಗುತ್ತಾಳೆ.

ಹೋದ ಭಾನುವಾರ ಏಳುಮಲೆ ಅಣ್ಣನ ಜೊತೆ ಅವರ ಚಿಕ್ಕಪ್ಪನ ಊರಿಗೆ ಹೋಗಿದ್ದೆವು. ಮೊದಲು ನಮ್ಮ ಹಾಡನ್ನು ಫೋನಿನಲ್ಲಿ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದರು. "ಎಲ್ಲೂ ಉಸಿರು ತೆಗೆದುಕೊಂಡಿಲ್ಲ" ಎಂದರು, ಅಷ್ಟೇ. ಆಮೇಲೆ ನಮ್ಮ ಪದಗಳನ್ನು ಓದಿಸಿಕೊಂಡು ಎರಡು ಸಾಲು ತೆಗೆಸಿದರು. ಮಾದಪ್ಪನ ಬಾಯಲ್ಲಿ ಆ ಮಾತು ಬರುವುದಿಲ್ಲವಂತೆ. ಕಂಸಾಳೆ ಕೈಗೆತ್ತಿಕೊಂಡು ಹಣೆಗೆ ಒತ್ತಿ, ನನ್ನನ್ನು ಎದುರು ಕೂರಿಸಿಕೊಂಡು "ನೀನು ಬಾರಿಸಬೇಡ, ಕೇಳು" ಎಂದರು. ಅರ್ಧ ಗಂಟೆ ಮೃದಂಗದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ಹಾಡು ಈಗ ನಾಲ್ಕು ನಿಮಿಷದ್ದಲ್ಲ, ಹನ್ನೊಂದು ನಿಮಿಷದ್ದಾಗಿದೆ. ಹಾಗೆಯೇ ಬಿಡುತ್ತೇವೆ.

ಏಳುಮಲೆ · 10:31

ಚಿಕ್ಕಪ್ಪ ಎರಡು ದಿನದಿಂದ ಆ ಹುಡುಗರು ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಾರೆ.

ಪಡುಗಾಳಿ · 10:40

ಅಜ್ಜಿಯ ಹೆಸರು?

ಏಳು ಮಾತ್ರೆ · 10:46

ಹಾಕಿದ್ದೇವೆ, ಅಕ್ಕಾ. ಗಾಯಕರ ಸಾಲಿನಲ್ಲಿ ಮೊದಲನೆಯದು. ಮೊಮ್ಮಗ ಫೋನು ಮಾಡಿ ಓದಿ ಹೇಳಿದಾಗ, ಪಾಡ್ದನ ಕಲಿಸಿದ ತಮ್ಮ ಅತ್ತಿಗೆಯ ಹೆಸರನ್ನೂ ಬರೆಯಬೇಕೆಂದರು. ನಾಳೆ ಅದನ್ನೂ ಸೇರಿಸುತ್ತೇವೆ.